ಲೀಲಕ್ಕನ ಕೆಂಪು ಹರಿವಾಣ

ನನಗೊಂದು ಕೆಟ್ಟ ಚಾಳಿಯಿದೆ. ಯಾರಾದರೂ ಉಡುಗೊರೆ ಕೊಟ್ಟರೆ ಮೊದಲು ಅದನ್ನು ಬೋರಲು ಹಾಕಿ ಅಡಿ ನೋಡುತ್ತೇನೆ. ಬೆಲೆಯ ಚೀಟಿ ಹುಡುಕುತ್ತಿದ್ದಾಳೆ ಎಂದು ಕೊಟ್ಟವರು ತಿಳಿಯುತ್ತಾರೆ. ಹಾಗಲ್ಲ ಎಂದು ವಿವರಿಸಲು ಹೋದರೆ ಇನ್ನಷ್ಟು ಕೆಡುತ್ತದೆ. ಮೊನ್ನೆ ಮಗಳ ಗೆಳತಿಯೊಬ್ಬಳು ಮೈತುಂಬ ಹೂಬಳ್ಳಿಯಿದ್ದ ಕೆಂಪು ಚೀನೀ ಡಬ್ಬಿಯೊಂದನ್ನು ತಂದುಕೊಟ್ಟು, ಇದು ಕೈಯಲ್ಲೇ ಕೆತ್ತಿದ್ದು ಆಂಟಿ ಎಂದಳು. ಥ್ಯಾಂಕ್ಸ್ ಹೇಳುವುದನ್ನೂ ಮರೆತು ನಾನು ಅದನ್ನು ತಿರುಗಿಸಿ ಅಂಚಿನುದ್ದಕ್ಕೂ ಉಗುರು ಎಳೆದೆ. ಸಿಕ್ಕಿತು, ಅಚ್ಚಿನ ಎರಡು ಹೋಳು ಕೂಡುವಲ್ಲಿ ಉಳಿದುಹೋಗುವ ಕೂದಲೆಳೆಯಂಥ ಗೆರೆ. ಕೆತ್ತಿದ್ದಲ್ಲ, ಅಚ್ಚಿನಲ್ಲಿ ಹೊಯ್ದ ಪ್ಲಾಸ್ಟಿಕ್ಕು. ನನ್ನ ಮುಖದಲ್ಲಿ ಅದು ಕಂಡಿರಬೇಕು. ಗೆಳತಿ ಹೋದ ಮೇಲೆ ಮಗಳು ಇಂಗ್ಲಿಷಿನಲ್ಲಿ ನನ್ನನ್ನು ಚೆನ್ನಾಗಿ ತರಾಟೆಗೆ ತೆಗೆದುಕೊಂಡಳು. ಅವಳಿಗೆ ಪ್ರೀತಿ ಬಂದರೆ ಕನ್ನಡ, ಸಿಟ್ಟು ಬಂದರೆ ಇಂಗ್ಲಿಷು. ಈಚೆಗೆ ನಮ್ಮ ಮನೆಯಲ್ಲಿ ಇಂಗ್ಲಿಷೇ ಹೆಚ್ಚು.

ಆ ಗೆರೆ ಹುಡುಕಲು ನನಗೆ ಕಲಿಸಿದವಳ ಕಥೆಯನ್ನು ಮಗಳಿಗೆ ಇನ್ನೂ ಹೇಳಿಲ್ಲ. ಆ ಕಥೆಯಲ್ಲಿ ಅವಳೂ ಇದ್ದಾಳೆ, ಹಳೆಯ ಪಂಚೆಯಲ್ಲಿ ಸುತ್ತಿಟ್ಟ ಕೂಸಾಗಿ. ನಿಮಗೆ ಹೇಳುತ್ತೇನೆ. ತಮಾಷೆಯಿಂದ ಶುರು ಮಾಡಿದಳು, ಕೊನೆಯವರೆಗೂ ನಗಿಸುತ್ತಾಳೆ ಎಂದುಕೊಳ್ಳಬೇಡಿ. ನಗಿಸುವ ಕಥೆಯಲ್ಲ ಇದು.

ಆಗ ನಾವು ಸತ್ವಾದಲ್ಲಿದ್ದೆವು. ನೀವು ಈಗಿನ ದುಬೈ ನೋಡಿದವರಾದರೆ ಆ ಎತ್ತರದ ಕಟ್ಟಡಗಳನ್ನು ಸ್ವಲ್ಪ ಪಕ್ಕಕ್ಕಿಡಿ. ಸತ್ವಾ ಎಂದರೆ ದರ್ಜಿಯ ಅಂಗಡಿ, ಗ್ಯಾರೇಜು, ಗೋಡೆಗೆ ಒರಗಿಸಿದ ಸೈಕಲ್ಲು, ಮತ್ತು ಯಾವ ಕಾಲದಲ್ಲೋ ಯಾರೋ ಕಟ್ಟಿಸಿ ಬಿಟ್ಟುಹೋದ ಹಳೆಯ ವಿಲ್ಲಾಗಳು. ನಾವು ವಿಲ್ಲಾದಲ್ಲಿದ್ದೇವೆ ಎಂದರೆ ಊರಿನ ನೆಂಟರು ಹುಬ್ಬೇರಿಸುತ್ತಿದ್ದರು. ಪ್ಲೈವುಡ್ ಹೊಡೆದು ಒಂದು ವಿಲ್ಲಾವನ್ನು ಎಷ್ಟು ಸಂಸಾರಗಳಿಗೆ ಹಂಚಬಹುದೆಂದು ಅವರಿಗೆ ಗೊತ್ತಿರಲಿಲ್ಲ, ನಾವಾಗಿ ಹೇಳಲೂ ಇಲ್ಲ. ಮಾಳಿಗೆಯಲ್ಲಿ ನಮ್ಮದೊಂದು ಕೋಣೆ, ಪಕ್ಕದಲ್ಲಿ ಇನ್ನೊಂದು ಕಿಟಕಿಯಿಲ್ಲದ ಚಿಕ್ಕ ಕೋಣೆ, ಎರಡಕ್ಕೂ ಸೇರಿ ಒಂದು ಬಚ್ಚಲು, ಒಂದು ಅಡುಗೆಮನೆ, ತಾರಸಿಗೆ ಹೋಗುವ ಕಬ್ಬಿಣದ ಮೆಟ್ಟಿಲು. ನನ್ನ ಗಂಡನಿಗೆ ದೂರದ ಮದೀನತ್ ಜಾಯೆದ್ ಕಡೆಯ ತೈಲದ ಕ್ಯಾಂಪಿನಲ್ಲಿ ಕೆಲಸ. ಪಾಳಿ ಮುಗಿದಾಗ ಕೂದಲಲ್ಲಿ ಮರಳು ಹೊತ್ತು ಬಂದು, ನಿದ್ದೆ ಮಾಡಿ, ಮತ್ತೆ ಹೋಗುತ್ತಿದ್ದರು. ಹೆರಿಗೆ ಹತ್ತಿರವಾದಾಗ ವಿಸಿಟ್ ವೀಸಾ ಮಾಡಿಸಿ ಕಟಪಾಡಿಯಿಂದ ಅಮ್ಮನನ್ನು ಬಾಣಂತನಕ್ಕೆ ಕರೆಸಿಕೊಂಡೆವು.

ಗಸಗಸೆ ಮಾತ್ರ ತರಬೇಡ, ಈ ದೇಶದಲ್ಲಿ ಅದಕ್ಕೆ ಜೈಲಿಗೆ ಹಾಕುತ್ತಾರೆ ಎಂದು ಫೋನಿನಲ್ಲಿ ಹೇಳಿ ಹೇಳಿ ನನ್ನ ಗಂಟಲು ಸೋತಿತ್ತು. ಗಸಗಸೆ ಬಿಟ್ಟು ಉಳಿದೆಲ್ಲವೂ ಬಂತು: ಲೇಹ್ಯ, ಎಣ್ಣೆ, ಒಣಶುಂಠಿ, ಕೂಸಿಗೆಂದು ಹಳೆಯ ಪಂಚೆ ಹರಿದು ಹೊಲಿದ ಬಟ್ಟೆಗಳ ಗಂಟು. ಹೆತ್ತ ಮೇಲೆ ನಾನು ಮನುಷ್ಯಳಾಗಿ ಉಳಿಯಲಿಲ್ಲ, ಅಮ್ಮನ ಕೈಗೆ ಸಿಕ್ಕ ಹಳೆಯ ತಾಮ್ರದ ಹಂಡೆಯಾದೆ. ತಿಕ್ಕುವುದು, ಕುದಿಯುವ ನೀರು ಹೊಯ್ಯುವುದು, ಮತ್ತೆ ತಿಕ್ಕುವುದು. ಹೊರಗೆ ಕಾಗೆ ಬಾಯಿಬಿಡುವ ಸೆಕೆ. ಒಳಗೆ ನಾನು ತಲೆಗೆ ಬಟ್ಟೆ ಕಟ್ಟಿಕೊಂಡು, ಕಿವಿಗೆ ಹತ್ತಿ ಇಟ್ಟುಕೊಂಡು, ಏಸಿ ಹಾಕಕೂಡದೆಂಬ ಆಜ್ಞೆಯಲ್ಲಿ ಬೇಯುತ್ತಿದ್ದೆ.

ಪಕ್ಕದ ಕೋಣೆಯ ಚೀನೀ ಹೆಂಗಸಾದರೂ ನನ್ನ ಪರವಾಗಿ ನಿಂತಾಳೆಂದು ಆಸೆಯಿತ್ತು. ಅವಳ ಹೆಸರು ಲಿಯು. ವಯಸ್ಸು ಐವತ್ತರ ಆಸುಪಾಸು, ಅಮ್ಮನಿಗಿಂತ ಸ್ವಲ್ಪ ಚಿಕ್ಕವಳು. ಅಮ್ಮ ಬಂದ ದಿನವೇ ಅವಳನ್ನು ಲೀಲಾ ಮಾಡಿದಳು, ನನ್ನ ಬಾಯಲ್ಲಿ ಅದು ಲೀಲಕ್ಕ ಆಯಿತು, ಅವಳೂ ಓಗೊಡತೊಡಗಿದಳು. ಅಮ್ಮನ ಕಟ್ಟುಪಾಡುಗಳನ್ನು ಕಂಡು ಈ ಲೀಲಕ್ಕ ಬೆರಗಾಗುತ್ತಾಳೆ, ಇದೆಲ್ಲ ಯಾಕೆ ಎಂದು ಕೇಳುತ್ತಾಳೆ ಎಂದು ನಾನು ಕಾದೆ. ಅವಳು ಬಂದು ನೋಡಿ, ನನ್ನ ಕಾಲಿಗೆ ಸಾಕ್ಸ್ ಇಲ್ಲದ್ದನ್ನು ಕಂಡು ಗಾಬರಿಯಾಗಿ, ತನ್ನದೇ ಒಂದು ಜೊತೆ ತಂದು ತೊಡಿಸಿದಳು. ಚೀನಾದಲ್ಲೂ ಬಾಣಂತಿಗೆ ತಣ್ಣೀರಿಲ್ಲ, ಗಾಳಿಯಿಲ್ಲ, ತಲೆಸ್ನಾನವಂತೂ ತಿಂಗಳ ತನಕ ಇಲ್ಲವಂತೆ. ಮರುದಿನ ಕಂದು ಸಕ್ಕರೆ ಹಾಕಿ ಕುದಿಸಿದ ಶುಂಠಿಯ ನೀರು ಬಂತು. ಅಮ್ಮ ಮೂಸಿ ನೋಡಿ, ನಮ್ಮ ಶುಂಠಿ ಬೆಲ್ಲವೇ, ಕುಡಿ ಎಂದಳು. ಎರಡು ದೇಶಗಳ ನಡುವೆ ಸಿಕ್ಕಿಕೊಂಡ ಬಾಣಂತಿಗೆ ಹೇಳಿಕೊಳ್ಳಲು ಯಾರಿದ್ದಾರೆ, ಕುಡಿದೆ.

ಅವರಿಬ್ಬರಿಗೂ ಗೊತ್ತಿದ್ದ ಒಂದೇ ಒಂದು ಭಾಷೆ ಇರಲಿಲ್ಲ. ಅಮ್ಮನಿಗೆ ತುಳು ಮತ್ತು ಕನ್ನಡ, ಅವಳಿಗೆ ಚೀನೀ ಮತ್ತು ಅಂಗಡಿಯಲ್ಲಿ ಕಲಿತ ಹರಕು ಇಂಗ್ಲಿಷು. ಆದರೂ ಸಂಜೆ ಅಡುಗೆಮನೆಯಲ್ಲಿ ಇಬ್ಬರೂ ಬಹಳ ಹೊತ್ತು ಮಾತಾಡುತ್ತಿದ್ದರು, ಒಬ್ಬಳು ಹೇಳಿದ್ದು ಇನ್ನೊಬ್ಬಳಿಗೆ ತಿಳಿಯದೆ. ಜಗಳವಾಗದಿರಲು ಅದೇ ಕಾರಣವಿದ್ದೀತು.

ಲೀಲಕ್ಕನ ಕಸುಬಿನ ವಿಷಯ ನಾನು ತಿಳಿದದ್ದೆಲ್ಲ ಆ ಹರಕು ಇಂಗ್ಲಿಷು ಮತ್ತು ಕೈಸನ್ನೆಯಿಂದ. ಅರ್ಧ ತಪ್ಪಿರಬಹುದು, ಚೀನಾ ಬಲ್ಲವರು ಕ್ಷಮಿಸಬೇಕು. ಅವರ ಕಡೆ ಒಂದು ಮರವಿದೆ. ಅದರ ತೊಗಟೆ ಗೀರಿದರೆ ಸೊನೆ ಬರುತ್ತದೆ. ನಮ್ಮ ಚನ್ನಪಟ್ಟಣದ ಗೊಂಬೆಗೆ ಹಚ್ಚುವ ಅರಗಲ್ಲ. ಅರಗು ಹುಳದ್ದು, ಇದು ಮರದ್ದು. ಆ ಸೊನೆಗೆ ಇಂಗಳೀಕದ ಕೆಂಪು ಕಲಸಿ, ಮರದ ತಟ್ಟೆಗೋ ಡಬ್ಬಿಗೋ ತೆಳ್ಳಗೆ ಬಳಿಯುತ್ತಾರೆ. ಒಂದು ಲೇಪ ಆರಿದ ಮೇಲೆ ಇನ್ನೊಂದು, ಅದರ ಮೇಲೆ ಮತ್ತೊಂದು, ನೂರಾರು ಲೇಪ. ಬಳಿಯುವುದರಲ್ಲೇ ವರ್ಷ ತಿರುಗುತ್ತದೆ. ಬೆರಳು ದಪ್ಪ ಆದಾಗ, ಅದಿನ್ನೂ ಮೆದುವಾಗಿರುವಾಗಲೇ, ಸಣ್ಣ ಉಳಿಗಳಿಂದ ಹೂವು, ಬೆಟ್ಟ, ಮೋಡ ಎಂದು ಕೆತ್ತುತ್ತಾರೆ. ಒಮ್ಮೆ ಕಲ್ಲಾಯಿತೋ, ಉಳಿ ಇಳಿಯುವುದಿಲ್ಲ. ಇದರಲ್ಲಿ ವಿಚಿತ್ರವೆಂದರೆ ಈ ಸೊನೆಗೆ ಬಿಸಿಲು ಕಂಡರಾಗದು. ತಂಪು ಬೇಕು, ತೇವ ಬೇಕು, ನೆಲಮಾಳಿಗೆಯಂಥ ಕತ್ತಲೆ ಬೇಕು.

ಬೀಜಿಂಗಿನ ಕಾರ್ಖಾನೆಯೊಂದರಲ್ಲಿ ಅವಳ ಗಂಡ ಬಳಿಯುವವನು, ಅವಳು ಕೆತ್ತುವವಳು. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಅವನು ಬಳಿದದ್ದನ್ನು ಅವಳು ಕೆತ್ತಿದ್ದಾಳೆ. ಆಮೇಲೆ ಅಚ್ಚಿನ ಡಬ್ಬಿಗಳು ಬಂದವು. ವರ್ಷವಿಡೀ ಮಾಡುವುದನ್ನು ಒಂದು ದಿನದಲ್ಲಿ ರಾಶಿ ರಾಶಿ ಹೊಯ್ದು ಹಾಕುವಾಗ ಕಾರ್ಖಾನೆ ನಿಲ್ಲುವುದುಂಟೇ, ಮುಚ್ಚಿತು. ಗಂಡ ಮನೆಯಲ್ಲೇ ಕುಳಿತು ಕೊನೆಯದಾಗಿ ಒಂದು ದೊಡ್ಡ ಹರಿವಾಣ ಬಳಿಯತೊಡಗಿದ. ಇದರ ಮೇಲೆ ಹೂವೂ ಬೇಡ, ಡ್ರ್ಯಾಗನ್ನೂ ಬೇಡ, ಬರೀ ನೀರು ಕೆತ್ತು ಎಂದಿದ್ದನಂತೆ. ಅಂಚಿನಿಂದ ನಡುವಿನವರೆಗೆ ಅಲೆ, ಅಲೆ, ಅಲೆ. ಡ್ರ್ಯಾಗನ್ ಇಲ್ಲದ್ದನ್ನು ಯಾರು ಕೊಳ್ಳುತ್ತಾರೆ ಎಂದು ಇವಳು ಕೇಳಿದ್ದಕ್ಕೆ, ಇದು ಕೊಳ್ಳುವವರಿಗಲ್ಲ ಎಂದನಂತೆ. ಲೇಪ ಮುಗಿಸಿದ, ಆ ಚಳಿಗಾಲದಲ್ಲೇ ತೀರಿಕೊಂಡ.

ಇವಳು ಹೊಟ್ಟೆಪಾಡಿಗೆ ಬಂದು ಸೇರಿದ್ದೆಲ್ಲಿಗೆ ಗೊತ್ತೇ, ಅದೇ ಅಚ್ಚಿನ ಡಬ್ಬಿ ಮಾರುವ ಅಂಗಡಿಗೆ. ದುಬೈಯಿಂದಾಚೆ ಮರಳಿನ ನಡುವೆ ಆಗಷ್ಟೇ ತೆರೆದಿದ್ದ ಚೀನೀ ಸಾಮಾನಿನ ದೊಡ್ಡ ಮಾರುಕಟ್ಟೆಯಲ್ಲಿತ್ತು ಅದು. ಬೆಳಿಗ್ಗೆ ವ್ಯಾನು ಬಂದು ಕರೆದುಕೊಂಡು ಹೋಗುತ್ತಿತ್ತು. ಮಾಲೀಕ ಅವಳಿಗೆ ಹೂವಿನ ರೇಷ್ಮೆ ಅಂಗಿ ಹಾಕಿಸಿ, ಕೈಗೆ ಉಳಿ ಕೊಟ್ಟು, ಬಾಗಿಲ ಬಳಿ ಕೂರಿಸುತ್ತಿದ್ದ. ಎದುರಿಗೆ ಒಂದು ಪ್ಲಾಸ್ಟಿಕ್ ಡಬ್ಬಿ. ಗಿರಾಕಿ ಬಂದಾಗ ಅವಳು ಆ ಡಬ್ಬಿಯ ಹೂವಿನ ಮೇಲೆ ಉಳಿ ಆಡಿಸಬೇಕು, ತಾಗಿಸಬಾರದು. ಹಾಗೆ ಕೆತ್ತುವ ನಟನೆಯಲ್ಲಿ ದಿನಗಳು ಹೋಗುತ್ತಿದ್ದವು. ಇದನ್ನು ಅವಳು ನನಗೆ ಅಭಿನಯಿಸಿ ತೋರಿಸಿದಾಗ ಮೊದಲು ನಕ್ಕವಳು ನಾನೇ. ಅವಳು ನಗದಿರುವುದನ್ನು ಕಂಡು ಬಾಯಿ ಮುಚ್ಚಿಕೊಂಡೆ. ಆಮೇಲೆ ಅವಳು ಅಂಗಡಿಯ ಡಬ್ಬಿಯೊಂದನ್ನು ಬೋರಲು ಹಾಕಿ, ಅಂಚಿನುದ್ದಕ್ಕೂ ನನ್ನ ಉಗುರು ಎಳೆಸಿ, ಅಚ್ಚಿನ ಗೆರೆ ಹುಡುಕುವುದನ್ನು ಕಲಿಸಿದಳು.

ಗಂಡ ಬಳಿದ ಹರಿವಾಣವನ್ನು ಅವಳು ಒದ್ದೆ ಬಟ್ಟೆಯಲ್ಲಿ ಸುತ್ತಿ, ವಿಮಾನದಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದಿದ್ದಳು. ನಮ್ಮಿಬ್ಬರ ಆ ಬಚ್ಚಲಿನಲ್ಲಿ, ನಲ್ಲಿಯ ಮೇಲಿನ ಗೂಡಿನಲ್ಲಿ, ಮುಚ್ಚಳವಿದ್ದ ಪ್ಲಾಸ್ಟಿಕ್ ಬಕೆಟ್ಟಿನೊಳಗೆ ಅದರ ವಾಸ. ಮರಳುಗಾಡಿನ ಊರಿನಲ್ಲಿ ತೇವವಿದ್ದ ಜಾಗವೆಂದರೆ ಅದೊಂದೇ. ದಿನವೂ ಬಟ್ಟೆ ನೆನೆಸಿ ಹಿಂಡಿ ಮತ್ತೆ ಸುತ್ತುತ್ತಿದ್ದಳು. ಶುಕ್ರವಾರ ಅಂಗಡಿಗೆ ರಜೆ. ಅಂದು ಅಡುಗೆಮನೆಯ ನೆಲದ ಮೇಲೆ ಕುಳಿತು ಬೆಳಗಿನಿಂದ ಸಂಜೆಯವರೆಗೂ ಕೆತ್ತುತ್ತಿದ್ದಳು. ಅಂಚಿನ ಸುತ್ತ ಮಾತ್ರ ಅಲೆಗಳು ಎದ್ದಿದ್ದವು, ನಡುವೆ ಇನ್ನೂ ಬರೀ ಕೆಂಪು. ಅದು ಕಲ್ಲಾಗುವುದರೊಳಗೆ ನಡು ಮುಟ್ಟಬೇಕು. ನಾನು ಕಂಡಂತೆ ಅವಳಿಗೆ ಈ ಲೋಕದಲ್ಲಿ ಬೇಕಾಗಿದ್ದದ್ದು ಅಷ್ಟೇ. ಮೈ ಹಸ್ಬೆಂಡ್ ಬ್ರಷ್, ಮೀ ನೈಫ್ ಎನ್ನುತ್ತಿದ್ದಳು. ಬೇರೆ ಯಾರೂ ಅದನ್ನು ಮುಟ್ಟಕೂಡದು ಎಂಬುದನ್ನೂ ಹೇಳಿದ್ದಳು, ನಾನು ಅಮ್ಮನಿಗೆ ಅದನ್ನು ಸರಿಯಾಗಿಯೇ ದಾಟಿಸಿದ್ದೆ.

ಕೆತ್ತಿದ ಮರುದಿನ ಅವಳ ಮುಂಗೈಗಳು ಕೆಂಪಗೆ ಬಾತು, ಸಣ್ಣ ಗುಳ್ಳೆಗಳೆದ್ದು ತುರಿಸುತ್ತಿದ್ದವು. ಅಮ್ಮ ಒಮ್ಮೆ ಆ ಕೈ ಹಿಡಿದು ನೋಡಿ, ಇದು ಚೇರೆ ಎಂದಳು. ನಮ್ಮ ಹಾಡಿಗಳಲ್ಲಿ ಚೇರೆ ಮರವಿರುತ್ತದೆ, ನಿಮಗೆ ಗೊತ್ತಿರಬಹುದು. ಅದರ ಸೊನೆ ತಾಗಿದರೆ ಮೈ ಸುಟ್ಟಂತೆ ಬಾತುಹೋಗುತ್ತದೆ. ನನ್ನ ಅಣ್ಣ ಚಿಕ್ಕವನಿದ್ದಾಗ ಲಗೋರಿಯ ಚೆಂಡು ತೆಗೆಯಲೆಂದು ಅದಕ್ಕೆ ಹತ್ತಿ, ಮರುದಿನ ಅವನ ಮುಖ ಅವನದೇ ಎಂದು ಗುರುತಿಸಲು ಅಂಗಿ ನೋಡಬೇಕಾಗಿತ್ತು. ಚೇರೆ ಮುನಿದರೆ ತಾರೆ ಮರದ ಹತ್ತಿರ ಹೋಗಿ ದೂರು ಹೇಳಿ, ಸುತ್ತು ಬರಬೇಕೆಂದು ನಮ್ಮ ಕಡೆಯ ನಂಬಿಕೆ. ಅಜ್ಜಿ ಅವನನ್ನು ದರದರ ಎಳೆದುಕೊಂಡು ಹೋಗಿ ಸುತ್ತು ಹಾಕಿಸಿದ್ದರು. ಸತ್ವಾದಲ್ಲಿ ತಾರೆ ಮರ ಎಲ್ಲಿ ತರುವುದು. ಅಮ್ಮ ಲೀಲಕ್ಕನನ್ನು ಕರೆದುಕೊಂಡು ಹೋಗಿ, ಗ್ಯಾರೇಜಿನೆದುರಿನ ಬೇವಿನ ಮರಕ್ಕೆ ಸುತ್ತು ಹಾಕಿಸಿ, ಹೇಳಬೇಕಾದ್ದನ್ನು ತಾನೇ ತುಳುವಿನಲ್ಲಿ ಹೇಳಿ, ತಾರೆಕಾಯಿ ಇರುತ್ತದಲ್ಲ ಎಂದು ಮಲಬಾರಿ ಅಂಗಡಿಯಿಂದ ತ್ರಿಫಲಾ ಚೂರ್ಣ ತರಿಸಿ ಕೈಗೆ ಲೇಪಿಸಿದಳು. ಲೀಲಕ್ಕ ಎಲ್ಲಕ್ಕೂ ಒಡ್ಡಿಕೊಂಡಳು. ತುರಿ ಇಳಿಯಿತೋ ಇಲ್ಲವೋ, ಅಂದಿನಿಂದ ಅಮ್ಮನಿಗೆ ಆ ಹರಿವಾಣ ತನ್ನ ಪರಿಚಯದ್ದು ಎಂದಾಯಿತು. ಎಷ್ಟೆಂದರೂ ಚೇರೆಯ ಸೊನೆ, ತಾನು ಕಾಣದ್ದೇನಲ್ಲ.

ಇಲ್ಲಿ ನಮ್ಮ ಕರಾವಳಿಯವರ ಸ್ವಭಾವದ ಬಗ್ಗೆ ಒಂದು ಮಾತು ಹೇಳಬೇಕು. ನಮಗೆ ಜನ್ಮವೈರಿ ಅಂತ ಒಂದಿದ್ದರೆ ಅದು ತೇವ. ಜೂನಿನಿಂದ ಶುರುವಾದರೆ ಚಪ್ಪಲಿಗೆ ಬೂಷ್ಟು, ಬೆಲ್ಟಿಗೆ ಬೂಷ್ಟು, ದೇವರ ಪಟದ ಹಿಂದೆ ಬೂಷ್ಟು. ಮಳೆ ಒಂದು ಗಳಿಗೆ ಬಿಟ್ಟರೆ ಸಾಕು, ಹಪ್ಪಳ, ಹಾಸಿಗೆ, ಹುಣಸೆಹಣ್ಣು, ಎಲ್ಲ ಅಂಗಳಕ್ಕೆ. ನನ್ನ ಚಿಕ್ಕಪ್ಪನೊಬ್ಬರು ಬ್ಯಾಂಕಿನ ಪಾಸ್‌ಬುಕ್ಕನ್ನೂ ಬಿಸಿಲಿಗಿಟ್ಟು ಪಕ್ಕದಲ್ಲಿ ತಾವೂ ಕೂರುತ್ತಿದ್ದರು, ಎರಡೂ ಸ್ವಲ್ಪ ಗರಿಯಾಗಲಿ ಎಂದು. ಅಂಥ ಊರಿನಿಂದ ಬಂದ ಅಮ್ಮನಿಗೆ ದುಬೈಯಲ್ಲಿ ಒಂದೇ ಒಂದು ಸಂಗತಿ ಮೆಚ್ಚಿಗೆಯಾಗಿದ್ದು, ತಾರಸಿಯ ಬಿಸಿಲು. ಕೂಸಿನ ಬಟ್ಟೆ ಹರವಿ ಕೆಳಗಿಳಿಯುವಷ್ಟರಲ್ಲಿ ಒಣಗಿರುತ್ತಿತ್ತು. ಇಷ್ಟು ಬಿಸಿಲನ್ನು ಇವರು ಸುಮ್ಮನೆ ಹಾಳು ಮಾಡುತ್ತಾರೆ ಎಂದು ಅವಳಿಗೆ ಹೊಟ್ಟೆಯುರಿ.

ಅದೇ ಬಚ್ಚಲಿನಲ್ಲಿ ನನ್ನ ಸ್ನಾನ, ಕೂಸಿನ ಸ್ನಾನ. ಸದಾ ಒದ್ದೆಯಾದ ಒಂದು ಗಂಟು ನೆತ್ತಿಯ ಮೇಲೆ ಕುಳಿತಿರುವುದು ಅಮ್ಮನಿಗೆ ಮೊದಲಿನಿಂದಲೂ ಸಮಾಧಾನವಿರಲಿಲ್ಲ. ಮೇ ತಿಂಗಳಲ್ಲಿ ಕೂಸಿಗೆ ಮೂಗು ಕಟ್ಟಿತು. ಅಮ್ಮ ಬಚ್ಚಲಿನಿಂದ ಬಂದು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೇಳಿದಳು, "ಆ ಪಾಪದ ಲೀಲಾ ಬೆಳಿಗ್ಗೆ ಹೋದ್ರೆ ಹೊತ್ತು ಕಂತಿದ ಮೇಲೆ ಬರ್ತದೆ. ಬಿಸಿಲು ತೋರಿಸ್ಲಿಕ್ಕೆ ಪುರ್ಸೊತ್ತುಂಟಾ ಅದಕ್ಕೆ? ಬಚ್ಚಲಲ್ಲಿ ಇಟ್ರೆ ಆ ಹರಿವಾಣ ಒಣಗುದು ಯಾವಾಗ?" ಅದು ಒಣಗಬಾರದು, ಮುಟ್ಟಬೇಡ ಎಂದೆ. ಆದರೆ ಅಮ್ಮನ ಮಟ್ಟಿ‌ಗೆ ಮುಟ್ಟಬೇಡ ಎಂದರೆ ಕೆಡಿಸಬೇಡ ಎಂದು, ಸರಿ ಮಾಡಬೇಡ ಎಂದಲ್ಲ. ಕೂಸಿಗೆ ಮೊಲೆಯೂಡಿಸುತ್ತ ನಾನು ನಿದ್ದೆ ಹೋದೆ.

ಅದು ಗುರುವಾರ. ಎಚ್ಚರವಾದಾಗ ಅಮ್ಮ ತಾರಸಿಯಿಂದ ಒಣಬಟ್ಟೆಗಳ ರಾಶಿ ತಂದು ಮಂಚದ ಮೇಲೆ ಸುರಿಯುತ್ತಿದ್ದಳು. ರಾಶಿಯ ಮೇಲೆ ಆ ಹರಿವಾಣ. ನಾನು ಮುಟ್ಟಿದೆ, ಒಲೆಯಿಂದ ಇಳಿಸಿದ ಕಾವಲಿಯಂತೆ ಸುಡುತ್ತಿತ್ತು. ನಡುವಿನಿಂದ ಅಂಚಿನವರೆಗೆ ಒಡೆದಿತ್ತು. ಒಂದಲ್ಲ, ಹಲವು ಬಿರುಕುಗಳು, ಬೇಸಗೆಯ ಕೆರೆಯ ತಳದಂತೆ. ಅಡಿಯ ಮರ ಡೊಂಕಾಗಿ, ಒಂದು ಕಡೆ ಕೆಂಪು ಪದರವೇ ಮರದಿಂದ ಮೇಲೆದ್ದು ನಿಂತಿತ್ತು. ಅವಳು ಅಷ್ಟು ಶುಕ್ರವಾರ ಕೂತು ಎಬ್ಬಿಸಿದ ಅಲೆಗಳು ಅಲ್ಲಲ್ಲಿ ಕಡಿದುಹೋಗಿದ್ದವು.

ಅಮ್ಮ ನನ್ನ ಮುಖ ನೋಡಿದಳು. ಸ್ವಲ್ಪ ಒಡೆದದ್ದು ಹೌದು, ಆದರೆ ಈಗ ಒಣಗಿತಲ್ಲ, ಎಣ್ಣೆ ಹಚ್ಚಿದರೆ ಕೂಡೀತು ಎಂದಳು. ಮಾತು ಮುಗಿಯುವ ಹೊತ್ತಿಗೆ ಅವಳಿಗೇ ಅದರಲ್ಲಿ ನಂಬಿಕೆ ಉಳಿದಿರಲಿಲ್ಲ. ನನಗೆ ಅಂಗೈಯಲ್ಲಿ ತುಂಬಿಕೊಂಡು ತಿಕ್ಕುತ್ತಿದ್ದ ಅದೇ ಎಣ್ಣೆಯನ್ನು ತಂದು, ಆ ಬಿರುಕುಗಳಿಗೆ ಬೆರಳಿನಿಂದ ತೀಡುತ್ತ ಕೂತಳು. ಸಂಜೆಯವರೆಗೂ ತೀಡಿದಳು. ಕೂಸು ಅತ್ತರೂ ಏಳಲಿಲ್ಲ.

ಲೀಲಕ್ಕ ಬಂದವಳು ಕೈಚೀಲ ಇಳಿಸಿ, ಎಂದಿನಂತೆ ನೇರ ಬಚ್ಚಲಿಗೆ ಹೋದಳು. ಬಕೆಟ್ಟಿನ ಮುಚ್ಚಳ ತೆಗೆದ ಸದ್ದು ಕೇಳಿತು. ನಾನೇ ಎದ್ದು ಹೋಗಿ ಅವಳನ್ನು ನಮ್ಮ ಕೋಣೆಗೆ ಕರೆದೆ. ಮಂಚದ ಮೇಲಿದ್ದದ್ದನ್ನು ಅವಳು ನೋಡಿದಳು. ಎತ್ತಿ ಮೂಸಿದಳು, ಉಗುರಿನಿಂದ ಗೀರಿದಳು. ಉಗುರಿಗೆ ಏನೂ ಬರಲಿಲ್ಲ, ಕಲ್ಲಾಗಿತ್ತು. ಯಾರು ಎಂದು ಅವಳು ಕೇಳಲಿಲ್ಲ. ಎಣ್ಣೆ ಮೆತ್ತಿದ ಬೆರಳುಗಳನ್ನು ಮಡಿಲಲ್ಲಿಟ್ಟುಕೊಂಡು ಅಮ್ಮ ಎದುರಿಗೇ ಕೂತಿದ್ದಳಲ್ಲ. ಸಹಾಯ ಮಾಡಲು ಹೋಗಿ ಹೀಗಾಯಿತು ಎಂದು ನಾನು ಇಂಗ್ಲಿಷಿನಲ್ಲಿ ಏನೇನೋ ತೊದಲಿದೆ.

"ಸನ್?" ಎಂದಳು.

ಹೌದು, ಬಿಸಿಲೇ ಎಂದೆ.

"ಖಲಾಸ್," ಎಂದು ಹೇಳಿ, ಹರಿವಾಣವನ್ನು ಎದೆಗಾನಿಸಿಕೊಂಡು ತನ್ನ ಕೋಣೆಗೆ ಹೋದಳು. ಈ ದೇಶಕ್ಕೆ ಬಂದವರೆಲ್ಲ ಮೊದಲು ಕಲಿಯುವ ಶಬ್ದ ಅದು. ಗ್ಯಾಸು ಮುಗಿದರೂ ಖಲಾಸ್, ಕೆಲಸ ಹೋದರೂ ಖಲಾಸ್. ಅಮ್ಮನಿಗೆ ನಾನು ಅರ್ಥ ಹೇಳಬೇಕಾಗಲಿಲ್ಲ. ಅಂದು ಅವಳು ಊಟ ಮಾಡಲಿಲ್ಲ, ನನಗೆ ಬಡಿಸಲೂ ಇಲ್ಲ. ಬಾಣಂತಿ ಬೇಕಾದರೆ ತಣ್ಣೀರು ಕುಡಿಯಲಿ, ಏಸಿ ಹಾಕಿಕೊಳ್ಳಲಿ, ಅವಳಿಗೆ ಯಾವುದೂ ಬೇಡವಾಗಿತ್ತು.

ಮರುದಿನ ಬೆಳಿಗ್ಗೆ ಲೀಲಕ್ಕ ನಮ್ಮ ಬಾಗಿಲು ತಟ್ಟಿದಳು. ಮುಖ ತೊಳೆದು ತಲೆ ಬಾಚಿದ್ದಳು. ನಮ್ಮಿಬ್ಬರನ್ನೂ ಅಡುಗೆಮನೆಗೆ ಕರೆದು ನೆಲದ ಮೇಲೆ ಕೂರಿಸಿ, ಹರಿವಾಣವನ್ನು ನಡುವೆ ಇಟ್ಟಳು. ಒಂದು ಬಿರುಕಿಗೆ ಉಳಿಯ ಮೊನೆ ಹಾಕಿ ಮೀಟಿದಳು. ಕೆಂಪು ತುಂಡೊಂದು ಚಟಕ್ಕನೆ ಎದ್ದಿತು. ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ಒಡೆದ ಅಂಚಿನಲ್ಲಿ ಪದರ ಪದರವಾಗಿ ಕಾಣುತ್ತಿದ್ದ ಗೆರೆಗಳನ್ನು ಅಮ್ಮನಿಗೆ ತೋರಿಸಿದಳು. ಕೆಳಗಿನವು ಒಂದೇ ಸಮ, ಮೇಲಿನವು ಏರುಪೇರು ಎಂದು ಕೈಸನ್ನೆ ಮಾಡಿದಳು. ನನ್ನ ಕಣ್ಣಿಗೆ ಎಲ್ಲವೂ ಒಂದೇ ಥರ ಕಂಡವು. ಆಮೇಲೆ ನನ್ನ ಕಡೆ ತಿರುಗಿ, ಒಂದೊಂದೇ ಶಬ್ದ ಆರಿಸಿ ಆರಿಸಿ ಹೇಳಿದಳು. "ಟೆಲ್ ಮದರ್. ಸನ್ ನೋ ಪ್ರಾಬ್ಲಮ್. ಹಸ್ಬೆಂಡ್ ಪ್ರಾಬ್ಲಮ್. ಲಾಸ್ಟ್ ಟೈಮ್ ಹಿ ಸಿಕ್. ಹ್ಯಾಂಡ್ ಶೇಕ್, ಟೂ ಮಚ್ ಹರ್ರಿ. ಬ್ಯಾಡ್ ವರ್ಕ್."

ನಾನು ಅಮ್ಮನಿಗೆ ಕನ್ನಡದಲ್ಲಿ ಹೇಳಿದೆ. ಬಿಸಿಲಿನ ತಪ್ಪಲ್ಲವಂತೆ. ಕೊನೆಕೊನೆಗೆ ಗಂಡನಿಗೆ ಕೈ ನಡುಗುತ್ತಿತ್ತಂತೆ, ಸಾಯುವುದರೊಳಗೆ ಮುಗಿಸಬೇಕೆಂದು ಒಂದು ಲೇಪ ಆರುವ ಮೊದಲೇ ಇನ್ನೊಂದು ಬಳಿದನಂತೆ. ಇವತ್ತಲ್ಲ ನಾಳೆ ಅದು ತಾನಾಗಿ ಒಡೆಯುವುದೇ ಇತ್ತಂತೆ. ಅಮ್ಮ ಆ ತುಂಡನ್ನು ಕೈಯಲ್ಲಿ ಹಿಡಿದು ತಲೆ ತಗ್ಗಿಸಿ ಕೇಳಿಸಿಕೊಂಡಳು. ಲೀಲಕ್ಕ ಅವಳ ಕೈಯಿಂದ ತುಂಡು ತೆಗೆದುಕೊಂಡು, ಹರಿವಾಣವನ್ನು ಅಂಗಡಿಯ ಹಳೆಯ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಮೆಟ್ಟಿಲಿಳಿದು ಹೋದಳು. ಅಡುಗೆಮನೆಯ ಕಿಟಕಿಯಿಂದ ನಾವಿಬ್ಬರೂ ನೋಡಿದೆವು. ಗ್ಯಾರೇಜಿನ ಪಕ್ಕದ ಕಸದ ಡ್ರಮ್ಮಿನ ಬಳಿ ಅವಳು ನಿಲ್ಲಲೂ ಇಲ್ಲ. ನಡೆಯುತ್ತಲೇ ಚೀಲವನ್ನು ಒಳಗೆ ಬಿಟ್ಟು, ಹಾಗೆಯೇ ಹಿಂದಿರುಗಿ ಬಂದಳು. ಕೈ ತೊಳೆದು, ಕೂಸನ್ನು ಎತ್ತಿಕೊಂಡು, ಚೀನೀಯಲ್ಲಿ ಏನೋ ಹೇಳಿ ಆಡಿಸಿದಳು.

ನಾನು ಅವಳ ಮಾತನ್ನು ನಂಬಿದೆ. ನಂಬುವುದು ನನಗೆ ಅನುಕೂಲವಾಗಿತ್ತು. ಇನ್ನು ಅಮ್ಮ ನನ್ನ ತಲೆಗೆ ಬಿಸಿನೀರು ಹೊಯ್ಯುತ್ತಾಳೆ, ಗದರುತ್ತಾಳೆ, ಎಲ್ಲ ಮೊದಲಿನಂತಾಗುತ್ತದೆ ಎಂದು ಹಗುರಾದೆ. ನೀರು ಹೊಯ್ದಳು, ಹೌದು. ಆದರೆ ಗದರಲಿಲ್ಲ. ಕೂಸಿನ ಬಟ್ಟೆಗಳನ್ನು ತಾರಸಿಗೆ ಒಯ್ಯುವುದನ್ನು ಬಿಟ್ಟು, ಒಳಗೇ ಹಗ್ಗ ಕಟ್ಟಿ ಹರವತೊಡಗಿದಳು. ಸಂಜೆ ಲೀಲಕ್ಕ ಬಂದಾಗ ಅವಳಿಗೆ ಗಂಜಿ ಬಡಿಸಿ ಎದುರಿಗೆ ಕೂರುತ್ತಿದ್ದಳು. ಅವರ ಆ ಅರ್ಥವಾಗದ ಮಾತುಕತೆ ಮಾತ್ರ ನಿಂತುಹೋಗಿತ್ತು.

ವೀಸಾದ ಅವಧಿ ಮುಗಿದು ಅಮ್ಮ ಹೊರಟದ್ದೂ ಒಂದು ಶುಕ್ರವಾರವೇ. ಲೀಲಕ್ಕ ಪೆಟ್ಟಿಗೆಯನ್ನು ಕೆಳಗಿನವರೆಗೆ ಹೊತ್ತು ತಂದಳು. ಅಮ್ಮ ಅವಳ ಎರಡೂ ಕೈಗಳನ್ನು ಹಿಡಿದು, ಬಿಟ್ಟು, ಟ್ಯಾಕ್ಸಿ ಹತ್ತಿದಳು. ಅಲ್ಲಿಂದ ವಿಮಾನ ನಿಲ್ದಾಣ ಮುಟ್ಟುವವರೆಗೂ ಕೂಸನ್ನು ಎದೆಗೊತ್ತಿಕೊಂಡು ಕೂತಿದ್ದವಳು, ಒಳಗೆ ಹೋಗುವ ಸಾಲಿನಲ್ಲಿ ನಿಂತಾಗ ಇದ್ದಕ್ಕಿದ್ದಂತೆ ಬಾಯಿಬಿಟ್ಟಳು.

"ಅವ್ಳು ಹೇಳಿದ್ದು ಸುಳ್ಳು."

ಯಾರು, ಏನು ಎಂದು ನಾನು ಕೇಳಬೇಕಾಗಲಿಲ್ಲ. ಅದೆಲ್ಲ ಈಗ ಯಾಕಮ್ಮ, ಅವಳೇ ತೋರಿಸಿದಳಲ್ಲ ಎಂದೆ.

"ಗಂಡನ ಕೈ ನಡುಗಿದ್ದು ಅದ್ರಲ್ಲಿ ನಿಜವಾಗಿ ಕಾಣ್ತಿದ್ರೆ ಅವ್ಳು ಅದನ್ನು ಬಿಸಾಡ್ತಿದ್ಲಾ? ನೀನು ಬಿಸಾಡ್ತಿದ್ಯಾ? ಸಾಯುವ ಕಾಲಕ್ಕೆ ನಡುಗುವ ಕೈಯಲ್ಲಿ ಮಾಡಿದ್ದು ಅಂತಾದ್ರೆ ಯಾವ ಹೆಂಡ್ತಿಯೂ ಬಿಸಾಡುದಿಲ್ಲ. ನಾನು ನಂಬ್ಲಿ ಅಂತ ಬಿಸಾಡಿದ್ದು ಅದು." ಹಿಂದಿನವರು ಮುಂದೆ ಹೋಗಿ ಎಂದು ಸನ್ನೆ ಮಾಡುತ್ತಿದ್ದರು. "ಒಡ್ದದ್ದು ಒಡೀತು. ಅದಕ್ಕೆ ಅವ್ಳು ನಂಗೆ ಬೈದಿದ್ರೆ ಆಗಿತ್ತು. ಸತ್ತ ಗಂಡನ ಕೆಲ್ಸ ಕೆಟ್ಟದ್ದು ಅಂತ ಅವಳ ಬಾಯಲ್ಲಿ ಹೇಳಿಸಿದೆನಲ್ಲ ನಾನು."

ಕೂಸನ್ನು ನನ್ನ ಕೈಗೆ ಕೊಟ್ಟು ಅವಳು ಒಳಗೆ ಹೋದಳು.

ನಾನು ಸತ್ವಾಕ್ಕೆ ಹಿಂದಿರುಗಿದಾಗ ಲೀಲಕ್ಕ ಮೆಟ್ಟಿಲ ಬುಡದಲ್ಲೇ ಕಾಯುತ್ತಿದ್ದಳು. ವಿಮಾನ ಹೊರಟಿತೇ ಎಂದು ಕೇಳಿದಳು, ಕೂಸನ್ನು ತನ್ನ ಕೈಗೆ ತೆಗೆದುಕೊಂಡಳು. ಮೆಟ್ಟಿಲು ಹತ್ತುತ್ತ, ನನ್ನ ಕಡೆ ನೋಡದೆ, ಮೆಲ್ಲಗೆ ಕೇಳಿದಳು.

"ಯುವರ್ ಮದರ್, ಶಿ ಬಿಲೀವ್?"

ನಂಬಿದಳು ಎಂದೆ. ಪೂರಾ ನಂಬಿದಳು.

"ಗುಡ್," ಎಂದಳು ಲೀಲಕ್ಕ. ಕೂಸನ್ನು ನಮ್ಮ ಮಂಚದ ಮೇಲೆ ಮಲಗಿಸಿ, ಅಡುಗೆಮನೆಗೆ ಹೋಗಿ ಎಂದಿನ ಜಾಗದಲ್ಲಿ ನೆಲದ ಮೇಲೆ ಕೂತಳು. ಶುಕ್ರವಾರವಾದ್ದರಿಂದ ಅವಳಿಗೆ ರಜೆಯಿತ್ತು, ಮಾಡಲು ಕೆಲಸವೇನೂ ಇರಲಿಲ್ಲ.